ನೆಂಟಳಾಗಿ ಬರದ ಕೇತಮ್ಮ

"ಗುರುಗಳೇ, ಹಾಡಿಯವರ ಬೆಟ್ಟದಲ್ಲಿ ಮಠ ಕಟ್ಟಿದ್ದೇವೆ. ಅವರನ್ನು ವರ್ಷ ವರ್ಷವೂ ಊಟಕ್ಕೆ ಕರೆಯುತ್ತೇವೆ, ಎಲೆ ಹಾಕಿ ಕಾಯುತ್ತೇವೆ. ಅವರು ಬರುವುದೇ ಇಲ್ಲ. ಕರೆಯುವುದಕ್ಕಿಂತ ಹೆಚ್ಚಾಗಿ ಇನ್ನೇನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನ ಮುಖ ಊದಿಕೊಂಡಿತ್ತು.

"ಕೂತುಕೊಳ್ಳಪ್ಪ, ಮೊದಲು ಸಿಟ್ಟು ಇಳಿಯಲಿ" ಎಂದು ಗುರುಗಳು ಕತೆ ಶುರು ಮಾಡಿದರು.

ಬೆಟ್ಟದ ಬುಡದಲ್ಲಿ ಒಬ್ಬ ರೈತನಿದ್ದ. ಅವನ ತಾತ ಕಾಡು ಕಡಿದು ಹೊಲ ಮಾಡಿದವನು. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಡಿನ ಜನ, ಹಾಡಿಯವರು, ಬೆಟ್ಟದ ಮೇಲಕ್ಕೆ ಹೋದರು. ಹೋದರು ಎಂದೇ ರೈತನ ಮನೆಯಲ್ಲಿ ಹೇಳುತ್ತಿದ್ದರು. ಓಡಿಸಿದೆವು ಎಂದು ಯಾರು ತಾನೇ ಬಾಯಿ ಬಿಟ್ಟು ಹೇಳುತ್ತಾರೆ? ಮೊಮ್ಮಗ ಕೆಟ್ಟವನಲ್ಲ, ಪಾಪ. ಆ ವಿಷಯ ಅವನ ತಲೆಗೇ ಹೋಗಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಸಣ್ಣತಾಯಿ. ಅವಳು ಹುಟ್ಟಿದ್ದು ಹಾಡಿಯಲ್ಲಿ. ಸೌದೆಗೆ ಹೋದ ತಾಯಿಗೆ ಅಲ್ಲೇ ನೋವು ಬಂದು, ಹಾಡಿಯ ಕೇತಮ್ಮ ಹೆರಿಗೆ ಮಾಡಿಸಿದ್ದಳು. ಅಂದಿನಿಂದ ಕೇತಮ್ಮನಿಗೆ ಆ ಹುಡುಗಿ ಎಂದರೆ ಪ್ರಾಣ. ಜೇನು, ನೆಲ್ಲಿಕಾಯಿ, ಏನು ಸಿಕ್ಕರೂ ತಂದು ಕೊಡುವಳು. ಆದರೆ ಬೇಲಿಯ ಆಚೆ ನಿಂತೇ ಕೂಗುವಳು. ಅಂಗಳಕ್ಕೆ ಕಾಲಿಟ್ಟವಳಲ್ಲ. ನಾಚಿಕೆ ಇರಬೇಕು ಎಂದುಕೊಂಡು ರೈತ ಸುಮ್ಮನಿದ್ದ.

ಮಗಳಿಗೆ ಮದುವೆ ಗೊತ್ತಾಯಿತು. ಕೇತಜ್ಜಿ ಅಕ್ಷತೆ ಹಾಕದೆ ಹಸೆಮಣೆ ಏರುವುದಿಲ್ಲ ಎಂದು ಸಣ್ಣತಾಯಿ ಹಟ ಹಿಡಿದಳು. ರೈತ ಸೀರೆ, ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಹಾಡಿಗೆ ಹೋದ.

"ಅಜ್ಜಿ, ನಮ್ಮ ಮನೆಗೆ ನೆಂಟಳಾಗಿ ಬರಬೇಕು" ಎಂದ.

ಕೇತಮ್ಮ ತಟ್ಟೆ ಮುಟ್ಟಲಿಲ್ಲ. "ನಿನ್ನ ಅಂಗಳದಲ್ಲಿ ನನ್ನಜ್ಜಿ, ಮುತ್ತಜ್ಜಿ ಮಣ್ಣಾಗವ್ರೆ ಕಣಪ್ಪ. ಹಿರಿಯರು ಮಲಗಿರೋ ನೆಲಕ್ಕೆ ಅವರ ಮಕ್ಕಳು ನೆಂಟರಾಗಿ ಹೋಗಬಾರ್ದು. ಅದು ನಮ್ಮ ಕಟ್ಟು. ಯಾರು ಕರೆದರು ಅಂತ ಬಂದೆ ಅಂತ ಅವರು ಕೇಳಿದ್ರೆ ನಾನೇನು ಹೇಳ್ಲಿ?"

ರೈತನಿಗೆ ಪಿತ್ತ ನೆತ್ತಿಗೇರಿತು. "ಹಾಗಾದರೆ ಮನೆ ಕೆಡವಲೇ?"

"ಕೆಡವು ಅಂದೋರು ಯಾರು? ನನ್ನ ಕೂಸು ಆಡಿ ಬೆಳೆದ ಮನೆ ಅದು" ಎಂದು ಕೇತಮ್ಮ ಅವನಿಗೆ ಕುಡಿಯಲು ನೀರು ಕೊಟ್ಟಳು. ಅಷ್ಟು ಹೊತ್ತು ಕೂಗಾಡಿದವನು ಆ ನೀರು ಕುಡಿದು ತಲೆ ತಗ್ಗಿಸಿಕೊಂಡು ಇಳಿದ.

ಮನೆಗೆ ಬಂದರೆ ಅಂಗಳ ದಾಟಲು ಕಾಲೇ ಬರಲಿಲ್ಲ. ಇಷ್ಟು ವರ್ಷ ಅವಳದು ನಾಚಿಕೆ ಎಂದುಕೊಂಡಿದ್ದನಲ್ಲ, ಆ ನಾಚಿಕೆ ಈಗ ಇವನಿಗೆ ಹತ್ತಿತು.

ಮಾರನೆಯ ದಿನ ತಟ್ಟೆ ಬಿಟ್ಟು ಮಗಳನ್ನು ಕರೆದುಕೊಂಡು ಹೊರಟ.

"ಅಜ್ಜಿ ಬೇಡ ಅಂದರೆ ಏನಪ್ಪ ಮಾಡುವುದು?" ಎಂದು ದಾರಿಯಲ್ಲಿ ಮಗಳು ಕೇಳಿದಳು.

"ನಮ್ಮ ಅಂಗಳದಲ್ಲಿ ಚಪ್ಪರ ಏಳುವುದಿಲ್ಲ. ಗಂಡಿನವರ ಕೈಕಾಲು ಹಿಡಿದು ಅವರ ಊರಿನಲ್ಲಿ ಮಾಡುತ್ತೇನೆ. ನಗುವವರು ನಗಲಿ ಬಿಡವ್ವ."

ಹಾಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನನ್ನ ತಾತ ನಿಮ್ಮನ್ನು ಓಡಿಸಿ ಆ ನೆಲ ಹಿಡಿದ. ನಿಮ್ಮ ಹಿರಿಯರ ನೆಲದಲ್ಲಿ ನನ್ನ ಮಗಳ ಮದುವೆ ಮಾಡಲೇ? ಬೇಡ ಅಂದರೆ ಮಾಡುವುದಿಲ್ಲ."

ಹಾಡಿಯವರು ಒಟ್ಟಿಗೆ ಕೂತು ಮಾತಾಡಿದರು. ಬೇಡ ಎಂದವರೂ ಇದ್ದರು. ರೈತ ಬಿಸಿಲಿನಲ್ಲಿ ನಿಂತೇ ಇದ್ದ, ಜೀವ ಹಿಡಿಯಷ್ಟಾಗಿತ್ತು. ಕೊನೆಗೆ ಕೇತಮ್ಮ ಎದ್ದು ಬಂದು ಹುಡುಗಿಯ ಕೆನ್ನೆ ಸವರಿ ನೆಟಿಗೆ ಮುರಿದಳು.

"ಮಾಡು ಮಗ. ಚಪ್ಪರಕ್ಕೆ ಬಿದಿರು ನಾವು ತತ್ತೀವಿ."

ಮದುವೆಯ ದಿನ ಕೇತಮ್ಮ ಎಲ್ಲರಿಗಿಂತ ಮೊದಲೇ ಬಂದು ಅಂಗಳದ ಬಾಗಿಲಲ್ಲಿ ನಿಂತಳು. ಬನ್ನಿ, ಕುಂತ್ಕೊಳ್ಳಿ ಎಂದು ರೈತನ ನೆಂಟರನ್ನೂ ಅವಳೇ ಬರಮಾಡಿಕೊಂಡಳು. ಗಂಡಿನ ಕಡೆಯವರು ಈ ಮುದುಕಿ ಯಾರು ಎಂದು ಕೇಳಿದರು. "ಈ ನೆಲದ ಯಜಮಾನಿ. ಇವರನ್ನು ಕೇಳಿಯೇ ಚಪ್ಪರ ಹಾಕಿದ್ದು" ಎಂದ ರೈತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಇಷ್ಟೇ ತಾನೇ ಗುರುಗಳೇ? ನಾಳೆಯೇ ಹೋಗಿ ನಾನೂ ಹಾಗೆಯೇ ಕೇಳುತ್ತೇನೆ" ಎಂದು ಎದ್ದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ಹೋಗಪ್ಪ; ಅವರು ಬೇಡ ಅಂದರೆ ಮಠವನ್ನು ಇಲ್ಲಿಂದ ಎತ್ತಲು ನಾನು ಸಿದ್ಧ, ನೀನು?"

ಎದ್ದಿದ್ದ ಶಿಷ್ಯ ಮತ್ತೆ ಕೂತುಕೊಂಡ.