ಬಲಗಾಲಿನ ಚಪ್ಪಲಿ

"ಅಜ್ಜಾರ, ನಮ್ಮ ಕೈಯಾಗಿನ ಕೆಲಸ ಇನ್ನೊಬ್ಬರಿಗೆ ಕೊಟ್ಟ ಮ್ಯಾಲೆ ಅದು ಕೆಟ್ಟರ ತಪ್ಪು ಯಾರದ್ರೀ? ಕೊಟ್ಟವಂದೋ, ತಗೊಂಡವಂದೋ?"

ಕೇಳಿದವನು ರಾಚಯ್ಯ. ಮಠದ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವನು. ಭುಜ ನೋಯತೊಡಗಿದ ಮೇಲೆ, ಹೋದ ಶ್ರಾವಣದಲ್ಲಿ, ತಾನೇ ಕಲಿಸಿ ಬೆಳೆಸಿದ ಮಹಾಂತನಿಗೆ ಆ ಸೌಟು ಕೊಟ್ಟಿದ್ದ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು. ಉಣ್ಣುವವರು ಮುಖ ಕಿವುಚಿಕೊಂಡು ನೀರು ಕುಡಿಯುತ್ತಿದ್ದರು. ಈಗಲೂ ಅವನು ಅಡುಗೆಮನೆಯಿಂದ ನೇರವಾಗಿ ಎದ್ದು ಬಂದಿದ್ದ.

"ಮಹಾಂತ ನನ್ನ ಮಗ ಇದ್ದಂಗ. ನಾ ಅವಂಗ ಏನೂ ಅನ್ನೂದಿಲ್ಲ, ಒಲಿ ಬಾಜೂಕ ಸುಮ್ನ ಕುಂತಿರತೇನಿ. ಆದ್ರೂ ಅವನ ಕೈಗೆ ಅಳತಿ ಬರವಲ್ದು. ಊರಿಗೆ ಕಳಿಸಿಬಿಡ್ಲೇನ್ರೀ?"

ಮಠದ ಸ್ವಾಮಿಗಳನ್ನು ಅಲ್ಲಿ ಎಲ್ಲರೂ ಅಜ್ಜಾರು ಎಂದೇ ಕರೆಯುವುದು. ಅಜ್ಜಾರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಬಳಿ ಒಂದು ಹಳೆಯ ಟ್ರ್ಯಾಕ್ಟರಿತ್ತು. ಹೆಂಡತಿ ಮನೆ ತುಂಬಿದ ವರ್ಷವೇ ಅದೂ ಮನೆಗೆ ಬಂದದ್ದು. ಎರಡರಲ್ಲಿ ಯಾವುದು ಹೆಚ್ಚು ಗುಡುಗುತ್ತದೆ ಎಂದು ಯಾರಾದರೂ ಕೇಳಿದರೆ ಅವನು ಸುತ್ತ ನೋಡಿ ನಗುತ್ತಿದ್ದ. ಅದರ ಕ್ಲಚ್ ಪೆಡಲಿನ ರಬ್ಬರು ಎಂದೋ ಸವೆದು ಬಿದ್ದಿತ್ತು. ಕಾಲು ಜಾರದಿರಲೆಂದು ಅವನು ಪೆಡಲಿನ ಮೇಲೆ ಎತ್ತಿನ ಲಾಳವೊಂದನ್ನು ಬೆಸುಗೆ ಹಾಕಿಸಿದ್ದ. ಮನೆಯ ಕೊನೆಯ ಎತ್ತಿನ ಲಾಳ ಅದು. ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ವಯಸ್ಸಾಯಿತು. ಎಡ ಮೊಣಕಾಲು ಮಡಚದಾಯಿತು. ಎಡಗಾಲು ಮಾತು ಕೇಳದಿದ್ದರೆ ಕ್ಲಚ್ ತುಳಿಯುವವರು ಯಾರು? ಅವನಿಗಿದ್ದದ್ದು ಒಬ್ಬಳೇ ಮಗಳು. ಅವಳನ್ನು ಸೀಟಿನ ಮೇಲೆ ಕೂರಿಸಿ "ಇನ್ನ ಮ್ಯಾಲೆ ಇದು ನಿಂದವ್ವ" ಎಂದ. ಮಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ರೈತ ಎಡಗಡೆಯ ಮಡ್‌ಗಾರ್ಡಿನ ಮೇಲೆ ಅವಳಿಗೆ ಜೊತೆಯಾಗಿ ಕುಳಿತ.

ಹಿಂಗಾರಿಯ ಉಳುಮೆ ಶುರುವಾಯಿತು. ನಾಲ್ಕು ದಿನ ಸರಿಯಾಗಿತ್ತು. ಐದನೆಯ ದಿನ ನೇಗಿಲು ಮಣ್ಣಿಗಿಳಿದರೆ ಎಂಜಿನ್ ಅಬ್ಬರಿಸುವುದು, ಗಾಲಿ ಮಾತ್ರ ಮುಂದೆ ಹೋಗದು. ಸುಟ್ಟ ವಾಸನೆ ಬಂತು.

ಮೇಸ್ತ್ರಿಯನ್ನು ಕರೆಸಿದರು. ಟ್ರ್ಯಾಕ್ಟರಿನ ಕ್ಲಚ್ ನೋಡುವುದು ಸಣ್ಣ ಕೆಲಸವಲ್ಲ, ಗಾಡಿಯನ್ನು ನಡುವಿಗೆ ಬಿಚ್ಚಿ ಎರಡು ಭಾಗ ಮಾಡಬೇಕು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ಸುಟ್ಟು ಕರಕಲಾಗಿತ್ತು. ಹೊಸದು ಹಾಕಿದ. ತಾನೇ ಕುಳಿತು ಎರಡು ಸಾಲು ಹೊಡೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಅವನು ಊರು ಸೇರಿದ. ವಾರ ತುಂಬುವುದರೊಳಗೆ ಮತ್ತೆ ಅದೇ ವಾಸನೆ.

ಎರಡನೆಯ ಸಲ ಮೇಸ್ತ್ರಿ ಪ್ಲೇಟಿಗೆ ಎಣ್ಣೆ ಸೋರುತ್ತಿದೆಯೇ ಎಂದು ನೋಡಿದ. ಸ್ಪ್ರಿಂಗುಗಳನ್ನು ಒತ್ತಿ ನೋಡಿದ. ಪೆಡಲನ್ನು ಅಳೆದು ಹೊಂದಿಸಿದ. ಯಾವುದರಲ್ಲೂ ದೋಷವಿರಲಿಲ್ಲ. ಮತ್ತೊಂದು ಹೊಸ ಪ್ಲೇಟು ಹಾಕಿ ಹೋದ. ಆ ಪ್ಲೇಟೂ ಸುಟ್ಟಿತು. ಮೂರನೆಯದನ್ನು ಕೂರಿಸಿ ಅವನು ಕೈ ಒರೆಸಿಕೊಂಡ.

"ತಪ್ಪು ಗಾಡ್ಯಾಗ ಇಲ್ರೀ ಗೌಡ್ರ. ಕಾಲಾಗ ಐತಿ."

ಎಲ್ಲರೂ ಮಗಳ ಕಾಲು ನೋಡಿದರು. ಉಳುವ ಹದ ಮೀರುತ್ತಿತ್ತು. ರೈತ ನೆಲ ನೋಡುತ್ತ "ನಾಳಿಂದ ಡ್ರೈವರ್ ಬರತಾನವ್ವ, ನೀ ಇಳದ ಬಿಡು" ಎಂದ. ಮಗಳು ಕೀಲಿಯನ್ನು ಅಪ್ಪನ ಕೈಯಲ್ಲಿಟ್ಟು, ಊಟಕ್ಕೆ ಬಡಿಸಲು ಒಳಗೆ ಹೋದಳು.

ಮೇಸ್ತ್ರಿ ರೊಟ್ಟಿ ಉಂಡು ಹೊರಟ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ರೈತನದೊಂದು ಬೋರಲು ಬಿದ್ದಿತ್ತು. ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಎನ್ನುತ್ತಾರೆ. ಉಂಡ ಮನೆಗೆ ಅದು ಬೇಡವೆಂದು ಮೇಸ್ತ್ರಿ ಬಗ್ಗಿ ಅದನ್ನು ಎತ್ತಿದ. ಅಟ್ಟೆಯ ಮೇಲೆ ಲಾಳದ ಗುರುತು ಅಚ್ಚು ಒತ್ತಿದಂತೆ ಕೂತಿತ್ತು. ಅವನು ಚಪ್ಪಲಿಯನ್ನು ಎರಡು ಸಲ ತಿರುವಿದ. ಮತ್ತೆ ಒಳಗೆ ಬಂದ.

"ಗೌಡ್ರ, ಗಾಡಿ ಹೊಡಿಯವ್ರು ಕ್ಲಚ್ ತುಳಿಯೂದು ಎಡಗಾಲಿಂದ. ನಿಮ್ಮ ಬಲಗಾಲಿನ ಚಪ್ಪಲಿಗೆ ಈ ಗುರುತು ಹೆಂಗ ಬಂತ್ರೀ?"

ರೈತ ತನ್ನ ಬಲಗಾಲು ನೋಡಿಕೊಂಡ. ಮಡ್‌ಗಾರ್ಡಿನ ಮೇಲೆ ಕುಳಿತರೆ ಪೆಡಲು ಅವನ ಬಲಗಾಲಿಗೇ ಸಿಗುತ್ತಿತ್ತು.

"ತುಳಿಯೂದಿಲ್ಲಪಾ. ಸುಮ್ನ ಮ್ಯಾಲೆ ಇಟ್ಟಿರತೇನಿ. ಕೂಸಿಗೆ ಏನಾರ ಆದೀತಂತ."

"ಇಟ್ಟರ ಸಾಕ್ರೀ. ಪ್ಲೇಟ್ ಪೂರ್ತಿ ಹಿಡಿಯೂದೂ ಇಲ್ಲ, ಪೂರ್ತಿ ಬಿಡೂದೂ ಇಲ್ಲ. ತಿಕ್ಕಿ ತಿಕ್ಕಿ ಸುಡತೈತಿ."

ಮೇಸ್ತ್ರಿ ಮಗಳ ಕಡೆ ತಿರುಗಿ ಕೇಳಿದ: "ನಿನಗ ಗೊತ್ತಿರಲಿಲ್ಲೇನವ್ವ?"

"ಗೊತ್ತಿತ್ತು. ಪ್ಲೇಟ್ ಅದಕ್ಕ ಸುಡತೈತಿ ಅಂತ ಗೊತ್ತಿರಲಿಲ್ಲ. ಕಾಲ ಅಲ್ಲಿದ್ರ ಅಪ್ಪಗ ಸಮಾಧಾನ ಇರತಿತ್ತು. ತಗಿ ಅಂತ ಹೆಂಗ ಹೇಳ್ಲಿ?" ಎಂದಳು.

ರೈತನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಮೂರು ಪ್ಲೇಟು ಸುಟ್ಟವನು ತಾನು, ತಲೆ ತಗ್ಗಿಸಿದವಳು ಮಗಳು. ಕೀಲಿಯನ್ನು ಅವಳ ಕೈಯಲ್ಲಿಟ್ಟು ಬೆರಳು ಮಡಚಿದ.

ಮರುದಿನ ಅವನು ಟ್ರ್ಯಾಕ್ಟರ್ ಹತ್ತಲಿಲ್ಲ. ಬದುವಿನ ಮೇಲೆ ಕುಳಿತ. ಮಗಳು ಒಬ್ಬಳೇ ಹೊಲವನ್ನು ಹೊಡೆದು ಮುಗಿಸಿದಳು. ಸುಟ್ಟ ವಾಸನೆ ಬರಲಿಲ್ಲ. ಸಂಜೆ ಅವಳು ಅಪ್ಪನನ್ನು ಎಬ್ಬಿಸಲು ಬಂದಾಗ, ಅವನ ಬಲಗಾಲು ಒತ್ತಿ ಒತ್ತಿ ಬದುವಿನ ಮಣ್ಣಿನಲ್ಲಿ ಗೇಣು ಆಳದ ಕುಳಿ ಬಿದ್ದಿತ್ತು. ಇಬ್ಬರೂ ಅದನ್ನು ನೋಡಿ ನಕ್ಕರು.

ಅಜ್ಜಾರು ಕತೆ ನಿಲ್ಲಿಸಿದರು. ರಾಚಯ್ಯನೂ ನಕ್ಕ. ರೈತನ ಮೇಲೆ ಅವನಿಗೆ ಮರುಕವೂ ಹುಟ್ಟಿತ್ತು.

"ಪಾಪ, ಅವಗ ತನ್ನ ಕಾಲ ಎಲ್ಲೈತಿ ಅನ್ನೂದ ತಿಳೀಲಿಲ್ಲ ನೋಡ್ರೀ" ಎಂದ. ಆಮೇಲೆ ತಾನು ಬಂದ ಕೆಲಸ ನೆನಪಾಗಿ, "ಮತ್ತ ನಮ್ಮ ಮಹಾಂತಂದು ಏನ್ ಮಾಡೂಣ್ರೀ ಅಜ್ಜಾರ?" ಎಂದು ಕೇಳಿದ.

ಅಜ್ಜಾರು ಅವನ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಮೆಲ್ಲಗೆ ಅವನ ಮುಖದ ಹತ್ತಿರ ಒಯ್ದರು.

"ರಾಚಯ್ಯಾ, ಈ ಬೆರಳ ಒಮ್ಮೆ ನೆಕ್ಕಿ ನೋಡು."