ಹಿನ್ನೀರಿನ ಮತ್ತಿಮರ

ಅಣೆಕಟ್ಟಿನ ಹಿನ್ನೀರಿನ ನಟ್ಟನಡುವೆ ಒಣಗಿದ ಮತ್ತಿಮರವೊಂದು ನಿಂತಿತ್ತು. ಜೊತೆಯ ಮರಗಳೆಲ್ಲ ಮುಳುಗಿ ಕೊಳೆತುಹೋದ ಮೇಲೆ ಅದಕ್ಕೆ ಮಾತನಾಡಲು ಯಾರೂ ಇರಲಿಲ್ಲ. ಹಾಗಾಗಿ ನಕ್ಷೆಗೆಂದು ಫೋಟೋ ತೆಗೆಯುವ ಡ್ರೋನ್ ಒಂದು ತಲೆಯ ಮೇಲೆ ಹಾರಿ ಬಂದಾಗ ಮರಕ್ಕೆ ಹಿಗ್ಗೋ ಹಿಗ್ಗು.

“ಬಾರಪ್ಪ, ಕೊಂಬೆಯ ಮೇಲೆ ಕೂತು ದಣಿವಾರಿಸಿಕೋ,” ಎಂದಿತು.

“ನನಗೆ ಬೇಕಾದದ್ದು ಬರೀ ನೀರು. ನೀನು ಅಡ್ಡ ಬಂದರೆ ಚಿತ್ರ ಕೆಡುತ್ತದೆ,” ಎಂದು ಡ್ರೋನ್ ಮರವನ್ನು ಬಿಟ್ಟು ಸುತ್ತಲಿನ ನೀರನ್ನೆಲ್ಲ ತುಂಡುತುಂಡಾಗಿ ಸೆರೆಹಿಡಿದುಕೊಂಡು ಹೋಯಿತು.

ಮರುದಿನ ಅದು ಸಪ್ಪೆ ಮುಖ ಹೊತ್ತು ಮರಳಿತು. “ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೊಂದಿಕೆಯೇ ಆಗಲಿಲ್ಲ. ಎಲ್ಲದರಲ್ಲೂ ಅಲೆ, ಅದೂ ಗಳಿಗೆಗೊಂದು ಥರ. ಯಾವುದನ್ನು ಎಲ್ಲಿಗೆ ಜೋಡಿಸುವುದು?”

“ಅಲೆ ನಿಂತಲ್ಲಿ ನಿಲ್ಲುವುದಿಲ್ಲ, ನಾನು ನಿಲ್ಲುತ್ತೇನೆ,” ಎಂದಿತು ಮರ. “ಇನ್ನಷ್ಟು ಮೇಲೇರು. ಪ್ರತಿ ಚಿತ್ರದಲ್ಲೂ ನನಗೊಂದು ಮೂಲೆ ಕೊಡು. ನನ್ನ ಗುರುತು ಹಿಡಿದು ಜೋಡಿಸಿಕೋ.”

ಡ್ರೋನ್ ಹಾಗೆಯೇ ಮಾಡಿತು. ಆ ಇಡೀ ಬೆಳಗ್ಗೆ ಅದು ತನ್ನತ್ತಲೇ ನೋಡುತ್ತಿದ್ದರೆ ಮರಕ್ಕೆ ಮತ್ತೆ ಚಿಗುರಿದ ಹಾಗಿತ್ತು.

ಕೆಲವು ದಿನಗಳ ಮೇಲೆ ಡ್ರೋನ್ ಬೇರೆಲ್ಲಿಗೋ ಹೊರಟು ಅದೇ ದಾರಿಯಲ್ಲಿ ಹಾದುಹೋಗುತ್ತಿತ್ತು. “ನಕ್ಷೆ ಕೂಡಿ ಬಂತೇನಪ್ಪ?” ಎಂದು ಮರ ಕೂಗಿ ಕೇಳಿತು.

“ಬಹಳ ಚೆನ್ನಾಗಿ ಬಂತು! ಎಲ್ಲ ಜೋಡಿಸಿದ ಮೇಲೆ ನಡುವೆ ಒಂದು ಕಪ್ಪು ಚುಕ್ಕೆ ಉಳಿದಿತ್ತು. ನೋಡಲು ಚೆನ್ನಾಗಿಲ್ಲವೆಂದು ನಕ್ಷೆ ಮಾಡುವವರು ಅದನ್ನು ಅಳಿಸಿಬಿಟ್ಟರು,” ಎಂದು ಡ್ರೋನ್ ಹಾರುತ್ತಲೇ ಹೇಳಿತು.

“ಯಾವ ಚುಕ್ಕೆ?” ಎಂದು ಮರ ಕೇಳುವಷ್ಟರಲ್ಲಿ ಡ್ರೋನಿನ ಸದ್ದೂ ಉಳಿದಿರಲಿಲ್ಲ.