ಎಣ್ಣೆಗೂದಲ ಬೋರ

ಎಲ್ಲೋ ಒಂದೂರಂತೆ. ಊರಾಚೆ ಕಲ್ಲುಗುಡ್ಡ, ಗುಡ್ಡದ ಬುಡದಲ್ಲೊಂದು ಬಿಲ. ಬಿಲದೊಳಗೆ ಮುಳ್ಳುಹಂದಿ ಹೊನ್ನಿ, ಅವಳ ಅತ್ತೆ ಮಂಚವ್ವ, ಆಗಷ್ಟೇ ಹುಟ್ಟಿದ ಮರಿ ಬೋರ. ಗಂಡ ಅನ್ನೋನು ಗೆಡ್ಡೆ ಕೀಳ್ತೀನಿ ಅಂತ ಹೋದೋನು ಹೋದ, ಅವನ ಸುದ್ದಿ ಬಿಡಿ.

ಮುಳ್ಳುಹಂದಿ ಮರಿಗೆ ಹುಟ್ಟಿದಾಗ್ಲೇ ಮುಳ್ಳಿರುತ್ತೆ ಅಂದ್ಕೊಂಡ್ರಾ? ಎಲ್ಲಿಯ ಮುಳ್ಳು! ಬರೀ ಕೂದಲು ಕಣ್ರಪ್ಪ, ಒದ್ದೆ ಹುಲ್ಲಿನಂಥ ಕೂದಲು. ಅದು ಗಾಳಿಗೆ ಒಣಗಿ, ಬಲಿತು, ಆಮೇಲೆ ಮುಳ್ಳಾಗಬೇಕು.

ಆಗೋಕೆ ಬಿಡಬೇಕಲ್ಲ ಈ ಅತ್ತೆ! ಎಳೇ ಕೂಸಿಗೆ ಎಣ್ಣೆ ತಿಕ್ಕದೆ ಇರೋಕಾಗುತ್ತಾ ಅಂತ, ಊರ ಗಾಣದ ಹಿಂದೆ ಸೋರಿದ ಹರಳೆಣ್ಣೆ ತಂದು ತಂದು ತಿಕ್ಕಿದ್ಳಂತೆ. ಒಂದು ದಿನ ತಿಕ್ಕಿದ್ಳು, ಎರಡು ದಿನ ತಿಕ್ಕಿದ್ಳು, ಏಳು ದಿನ ತಿಕ್ಕಿದ್ಳು. ಬೋರನ ಮೈ ನುಣ್ಣಗಾಯ್ತೇ ಹೊರತು ಮುಳ್ಳು ಮಾತ್ರ ಬರ್ಲಿಲ್ಲ.

"ಅತ್ತೆ, ನಿಮ್ಮ ದಮ್ಮಯ್ಯ, ನಿಲ್ಸಿ. ನರಿ ಓಡಾಡ್ತಾ ಇದೆ. ಬೆನ್ನು ಗಟ್ಟಿಯಾಗ್ದಿದ್ರೆ ಇವನು ಉಳಿಯಲ್ಲ" ಅಂದ್ಳಂತೆ ಹೊನ್ನಿ.

"ಏಳು ಮಕ್ಕಳು ಹೆತ್ತೋಳು ನಾನು. ನಂಗೇ ಹೇಳಿಕೊಡ್ತೀಯಾ?"

"ಏಳರಲ್ಲಿ ಉಳಿದೋರು ನಿಮ್ಮ ಮಗ ಒಬ್ರೇ. ಅವ್ರು ಹುಟ್ಟಿದ ಸಲ ಎಣ್ಣೆ ಸಿಗ್ಲಿಲ್ಲ ಅಂತ ನೀವೇ ಹೇಳಿದ್ರಿ!"

ಅತ್ತೆ ಮೂತಿ ತಿರುಗಿಸಿದ್ಳು. ಮಾರನೇ ದಿನ ಮತ್ತೆ ಎಣ್ಣೆ! ಏನು ಹೇಳೋಣ ಇಂಥೋರಿಗೆ?

ಎಂಟನೇ ದಿನ ಹೊನ್ನಿ ಗೆಡ್ಡೆಗೆ ಹೋಗಿದ್ದಾಗ, ಅತ್ತೆ ಎಣ್ಣೆ ತಿಕ್ಕಿದ ಮರೀನ ಬಿಸಿಲು ಕಾಯಿಸೋಕೆ ಬಿಲದ ಬಾಯಿಗೆ ತಂದು ಕೂರಿಸಿದ್ಳಂತೆ. ಬಂತು ನರಿ. ಬೋರ ಅಮ್ಮ ಕಲಿಸಿದ ಹಾಗೇ ನರಿಗೆ ಬೆನ್ನು ಕೊಟ್ಟು ಮೈ ಉಬ್ಬಿಸಿದ. ಕೂದಲು ಒಂದೂ ಏಳ್ಲಿಲ್ಲ. ನರಿ ಬೆನ್ನಿಗೇ ಬಾಯಿ ಹಾಕ್ತು.

ಮಂಚವ್ವ ಹೌಹಾರಿದ್ಳು. ತನ್ನ ಮುಳ್ಳನ್ನೆಲ್ಲ ನಿಗುರಿಸಿ, ಗಲಗಲ ಅಂತ ಕುಣಿಸಿ, ಹಿಂದುಹಿಂದಕ್ಕೇ ಓಡಿ ನರಿ ಮೂತಿಗೆ ಗುದ್ದಿದ್ಳಂತೆ. ಮೂರು ಮುಳ್ಳು ಮೂತೀಲೇ ನಿಂತ್ವು. ನರಿ ಕಿರುಚ್ಕೊಂಡು ಗುಡ್ಡ ಹತ್ತಿ ಓಡ್ತು.

ಹೊನ್ನಿ ಓಡಿ ಬಂದ್ರೆ, ಮಗನ ಬೆನ್ನಲ್ಲಿ ಹಲ್ಲಿನ ಗುರುತು. "ಇವತ್ತೂ ತಿಕ್ಕಿದ್ರಾ? ಇವನ್ನೂ ಕಳ್ಕೋಬೇಕಾ ನಾವು?" ಅಂತ ಗೋಳಾಡಿದ್ಳಂತೆ.

ಅತ್ತೆ ಮರಿ ಮೈಯಿನ ಎಣ್ಣೆ ಮುಟ್ಟಿ ನೋಡಿದ್ಳು. "ಆ ಆರು ಮಕ್ಕಳನ್ನ ನಾನೇ ಕೊಂದೆನೇನೇ ಹೊನ್ನಿ?" ಅಂದ್ಳಂತೆ.

ಹೊನ್ನಿ ಬೈಯೋದು ಬಿಟ್ಟು ಅತ್ತೆ ಹತ್ರ ಬಂದು ಕೂತ್ಳು. ಇಬ್ರೂ ಸೇರಿ ಕೆಮ್ಮಣ್ಣು ಹಾಕಿ ಉಜ್ಜಿ ಉಜ್ಜಿ ಮರಿ ಮೈಯಿನ ಜಿಡ್ಡು ತೆಗೆದ್ರಂತೆ.

ಒಂದು ದಿನ ಆಯ್ತು, ಎರಡು ದಿನ ಆಯ್ತು, ಏಳು ದಿನ ಆಯ್ತು. ಅಜ್ಜಿ ಮೊಮ್ಮಗನ್ನ ಮುದ್ದು ಮಾಡೋಕೆ ಬಗ್ಗಿದ್ಳು. ಕೆನ್ನೆಗೆ ಚುಚ್ತು!

"ಅಯ್ಯಯ್ಯೋ ಹೊನ್ನೀ, ಚುಚ್ತು ಕಣೇ!" ಅಂತ ಕೂಗಿ, ಅಳ್ತಾ ನಗ್ತಾ, ಇನ್ನೊಂದು ಕೆನ್ನೇನೂ ಒಡ್ಡಿದ್ಳಂತೆ.

ಬೋರ ಗೆಡ್ಡೆ ತಿನ್ನೋಕೆ ಆ ಕಡೆ ಹೋದ, ನಾನು ಮುದ್ದೆ ಉಣ್ಣೋಕೆ ಈ ಕಡೆ ಬಂದೆ.